ಒಂದೇ ಸಾಲು ಸಾರ್

ಸಾಫ್ಟ್‌ವೇರ್ ಕಂಪನಿಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯಲು ವಿಸಿಟಿಂಗ್ ಕಾರ್ಡ್ ನೋಡಿ ಪ್ರಯೋಜನವಿಲ್ಲ. ಅದರ ಪ್ರಕಾರ ಎರಡು ಮೇಜಿಗೊಬ್ಬರು ವೈಸ್ ಪ್ರೆಸಿಡೆಂಟ್. ಶುಕ್ರವಾರ ಸಂಜೆ ಐದೂವರೆಗೆ ಹುಡುಗರು ಯಾರ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತಾ ನಿಲ್ಲುತ್ತಾರೋ ಅವರೇ ನಿಜವಾದ ಅಧಿಕಾರಸ್ಥರು. ನಮ್ಮ ಆಫೀಸಿನಲ್ಲಿ ಆ ಮೇಜು ನನ್ನದು. ಸಂಬಳದಲ್ಲಾಗಲಿ ಕುರ್ಚಿಯಲ್ಲಾಗಲಿ ಇದರ ಸುಳಿವು ಸಿಗುವುದಿಲ್ಲ. ನಾವು ಮೂವತ್ತಕ್ಕೂ ಮಿಕ್ಕಿದ ಮಂದಿ ಬರೆಯುವ ಕೋಡ್ ಎಲ್ಲ, ಯಾರು ಯಾವಾಗ ಏನು ಬದಲಿಸಿದರೆಂದು ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶದ ಒಂದೇ ರಿಪಾಸಿಟರಿಯಲ್ಲಿದೆ. ಅದರ ‘ಮೇನ್’ ಎಂಬ ಬ್ರಾಂಚಿನಲ್ಲಿ ಇರುವುದೇ ಕೊನೆಗೆ ಗಿರಾಕಿಗೆ ಹೋಗುವುದು. ಆ ಮೇನ್‌ಗೆ ಯಾರು, ಯಾರ ಒಪ್ಪಿಗೆ ಪಡೆದು, ಯಾವ ಟೆಸ್ಟ್ ಪಾಸಾದ ಮೇಲೆ ಕೈಹಾಕಬಹುದು ಎಂದು ಹೇಳುವ ಸೆಟ್ಟಿಂಗ್ಸ್ ಪುಟವೊಂದಿದೆ. ಬ್ರಾಂಚ್ ಪ್ರೊಟೆಕ್ಷನ್ ರೂಲ್ಸ್ ಅಂತ ಅದಕ್ಕೆ ಹೆಸರು. ಒಂದಷ್ಟು ಚೌಕ, ಬೇಕಾದ್ದಕ್ಕೆ ಟಿಕ್ಕು, ಅಷ್ಟೇ. ಆ ಟಿಕ್ಕುಗಳ ಉಸ್ತುವಾರಿ ನನ್ನದು.

ಬಂದು ನಿಂತವರು ಹೇಳುವ ಮಾತು ಮಾತ್ರ ಯಾವತ್ತೂ ಬದಲಾಗುವುದಿಲ್ಲ. “ಒಂದೇ ಸಾಲು ಸಾರ್. ರಿವ್ಯೂ ಯಾಕೆ, ಹಂಗೇ ಹಾಕ್ಬಿಡ್ಲಾ?” ನಾನು ಕಂಡಂತೆ ರಾತ್ರೋರಾತ್ರಿ ಎಲ್ಲರನ್ನೂ ಹಾಸಿಗೆಯಿಂದ ಎಬ್ಬಿಸಿದ ಬದಲಾವಣೆಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು. ಮುನ್ನೂರು ಸಾಲು ಬರೆದವನು ಹೆದರಿಕೆಗಾದರೂ ಒಮ್ಮೆ ಓಡಿಸಿ ನೋಡಿರುತ್ತಾನೆ.

ಗಿಟ್ ಹುಟ್ಟಿದಾಗ ಇಂಥ ಕಾವಲಿನ ಯೋಚನೆಯೇ ಬೇಕಿರಲಿಲ್ಲ. ಲಿನಕ್ಸ್ ತಂಡಕ್ಕೆ ಪುಕ್ಕಟೆಯಾಗಿ ಸಿಗುತ್ತಿದ್ದ ಬಿಟ್‌ಕೀಪರ್ ಎಂಬ ಇಂಥದೇ ತಂತ್ರಾಂಶ ಸಿಗದಂತಾದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಅನುಕೂಲಕ್ಕೆಂದು ಗಿಟ್ ಬರೆದರು. ಅವರ ರಿಪಾಸಿಟರಿಗೆ ಬರೆಯುವವರು ಅವರೇ. ಮಿಕ್ಕವರು ಕಳಿಸಬೇಕು, ಒಪ್ಪಿಗೆಯಾದರೆ ಅವರು ಎಳೆದುಕೊಳ್ಳಬೇಕು. ನಾವು ಕಂಪನಿಗಳವರು ಇದನ್ನು ತಂದು ಮೂವತ್ತು ಜನರ ನಡುವೆ ಇಟ್ಟು, ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟು, ಆಮೇಲೆ ಏನಾಯಿತೆಂದು ನೋಡುತ್ತಾ ಕುಳಿತೆವು. ಅದರಲ್ಲೂ ಫೋರ್ಸ್ ಪುಶ್ ಎಂಬ ಆಜ್ಞೆಯೊಂದಿದೆ. ‘ಅಲ್ಲಿ ಯಾರು ಏನು ಬರೆದಿದ್ದರೂ ಸರಿ, ನನ್ನ ಹತ್ತಿರ ಇರುವುದೇ ಸತ್ಯ’ ಎಂದು ಸರ್ವರ್‌ಗೆ ಹೇಳುವುದು. ಕೆಲವರು ಮೀಟಿಂಗಿನಲ್ಲಿ ಬಾಯಿಂದಲೇ ಇದನ್ನು ಮಾಡುತ್ತಾರೆ, ಆ ಮಾತು ಬೇರೆ. 2013ರ ನವೆಂಬರ್ 10ರಂದು ಜೆಂಕಿನ್ಸ್ ಎಂಬ ತಂತ್ರಾಂಶ ಯೋಜನೆಯ ಒಬ್ಬ ಡೆವಲಪರ್ ಕೈತಪ್ಪಿನಿಂದ ಈ ಆಜ್ಞೆ ಕೊಟ್ಟು 150ಕ್ಕೂ ಹೆಚ್ಚು ರಿಪಾಸಿಟರಿಗಳನ್ನು ಹಳೆಯ ಸ್ಥಿತಿಗೆ ಹಿಂದೆ ತಳ್ಳಿದ್ದರು. ಗಿಟ್ ಯಾವುದನ್ನೂ ಥಟ್ಟನೆ ಎಸೆಯುವುದಿಲ್ಲವಾದ್ದರಿಂದ ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಯಿತು. ಅದೇ ತಿಂಗಳು ಬಂದ ಗಿಟ್ 1.8.5ರಲ್ಲಿ, ‘ನಾನು ಕೊನೆಗೆ ನೋಡಿದ ಮೇಲೆ ಬೇರೆ ಯಾರೂ ಏನೂ ಸೇರಿಸಿಲ್ಲವಾದರೆ ಮಾತ್ರ ತಳ್ಳು’ ಎನ್ನುವ ಸ್ವಲ್ಪ ಮರ್ಯಾದಸ್ಥ ಫೋರ್ಸ್ ಕೂಡ ಇತ್ತು. ಗಿಟ್ ರಿಪಾಸಿಟರಿಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಬ್ರಾಂಚಿಗೆ ಕಾವಲು ಹಾಕುವ ಟಿಕ್ಕುಗಳು ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ.

ನಮ್ಮ ಪುಟದಲ್ಲಿ ಅತಿ ಹೆಚ್ಚು ಶಾಪ ತಿನ್ನುವುದು ಒಪ್ಪಿಗೆಯ ನಿಯಮ. ಬದಲಾವಣೆಯನ್ನು ಪುಲ್ ರಿಕ್ವೆಸ್ಟ್ ಮಾಡಿ, ಅಂದರೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಾಗಿ ತರಬೇಕು, ಇನ್ನೊಬ್ಬರು ನೋಡಿ ಅಪ್ರೂವ್ ಮಾಡಬೇಕು. ಬರೆದವನೇ ತನ್ನದನ್ನು ಅಪ್ರೂವ್ ಮಾಡುವಂತಿಲ್ಲ. ಎಷ್ಟು ಜನರ ಒಪ್ಪಿಗೆ ಬೇಕೆಂದು ಆರರವರೆಗೂ ಕೇಳಬಹುದು. ಆರು ಜನ ಎಂಜಿನಿಯರುಗಳು ಮಧ್ಯಾಹ್ನದ ಊಟ ಎಲ್ಲಿಂದ ತರಿಸುವುದೆಂಬ ವಿಷಯದಲ್ಲೂ ಒಪ್ಪಿದ್ದನ್ನು ನಾನು ಕಂಡಿಲ್ಲ, ಹಾಗಾಗಿ ನಮ್ಮಲ್ಲಿ ಎರಡಕ್ಕೆ ನಿಲ್ಲಿಸಿದ್ದೇನೆ. ಎರಡಾದರೂ ಹುಡುಗರು ದಾರಿ ಕಂಡುಕೊಂಡಿದ್ದಾರೆ. ಟೀ ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ನನ್ನದಕ್ಕೆ ನೀನು, ನಿನ್ನದಕ್ಕೆ ನಾನು. ಐನೂರು ಸಾಲಿನ ಕೋಡು ಅರ್ಧ ಲೋಟ ಟೀ ಮುಗಿಯುವುದರೊಳಗೆ ರಿವ್ಯೂ ಆಗಿ ‘ಚೆನ್ನಾಗಿದೆ’ ಎನ್ನಿಸಿಕೊಳ್ಳುತ್ತದೆ. ಇದಕ್ಕೆ ಟಿಕ್ಕು ಹಾಕುವ ಚೌಕ ಯಾವ ಪುಟದಲ್ಲೂ ಇಲ್ಲ.

ಇದರ ಕೆಳಗೇ ಇನ್ನೊಂದು ಚೌಕವಿದೆ. ಒಪ್ಪಿಗೆ ಸಿಕ್ಕ ಮೇಲೆ ಹೊಸದೇನಾದರೂ ಸೇರಿಸಿದರೆ ಹಳೆಯ ಒಪ್ಪಿಗೆ ರದ್ದು. ಇದನ್ನು ಹೊಸಬರಿಗೆ ವಿವರಿಸುವಾಗಲೆಲ್ಲ ನನಗೆ ನಮ್ಮ ಅಜ್ಜಿಯ ಮಡಿ ನೆನಪಾಗುತ್ತದೆ. ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಎಳೆದು ಉಟ್ಟು ಅಡುಗೆಮನೆಗೆ ಹೊರಟವಳ ಸೆರಗಿಗೆ ಮೊಮ್ಮಗನ ಕಿರುಬೆರಳು ತಾಗಿದರೂ ಮುಗಿಯಿತು, ಮತ್ತೆ ಬಚ್ಚಲಿಗೇ. ಬರೀ ಕಿರುಬೆರಳು ಅಜ್ಜಿ ಎಂದು ವಾದಿಸಿ ಗೆದ್ದವರಿಲ್ಲ. ಇಲ್ಲೂ ಹಾಗೇ. ಎರಡು ಅಪ್ರೂವಲ್ ಗಿಟ್ಟಿಸಿಕೊಂಡು ಕುಳಿತವನು ಕಾಮೆಂಟಿನಲ್ಲಿ ಒಂದು ಅಲ್ಪವಿರಾಮ ತಿದ್ದಿದರೆ ಸಾಕು, ಎರಡೂ ಮೈಲಿಗೆ. ಮತ್ತೆ ಇಬ್ಬರನ್ನೂ ಹುಡುಕಿಕೊಂಡು ಹೋಗಬೇಕು. ಅಷ್ಟರಲ್ಲಿ ಒಬ್ಬ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿರುತ್ತಾನೆ. ಹಾಗೆಂದು ಟಿಕ್ಕು ತೆಗೆಯುವಂತಿಲ್ಲ. ಎರಡು ಸಾಲು ತೋರಿಸಿ ಒಪ್ಪಿಗೆ ಪಡೆದು, ಅದರ ಹಿಂದೆಯೇ ಇನ್ನೂರು ಸಾಲು ನುಗ್ಗಿಸಿದ ಮಹಾನುಭಾವರು ಎಲ್ಲ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ.

ಕೋಡಿನ ಯಾವ ಭಾಗಕ್ಕೆ ಯಾರು ಯಜಮಾನರು ಎಂದು ಬರೆದಿಡುವ ಕಡತವೂ ಒಂದಿದೆ. ಯಜಮಾನರ ಒಪ್ಪಿಗೆ ಇಲ್ಲದೆ ಆ ಭಾಗ ಮುಟ್ಟುವಂತಿಲ್ಲ. ಕಡತದ ಎರಡು ಸಾಲುಗಳು ಒಂದೇ ಭಾಗಕ್ಕೆ ಹಕ್ಕು ಹೇಳಿದರೆ ಕೆಳಗಿನ ಸಾಲಿಗೇ ಗೆಲುವು. ಹೊಸದಾಗಿ ಸೇರಿದ ಉತ್ಸಾಹಿಯೊಬ್ಬ ಈ ಕಡತದ ತುದಿಯಲ್ಲಿ ಒಂದು ನಕ್ಷತ್ರಚಿಹ್ನೆ ಹಾಕಿ ಮುಂದೆ ತನ್ನ ಹೆಸರು ಬರೆದ. ನಕ್ಷತ್ರ ಎಂದರೆ ಸಮಸ್ತವೂ. ಮಾರನೆಯ ದಿನದಿಂದ ಇಡೀ ಕಂಪನಿಯ ಕೋಡಿಗೆ ಅವನೊಬ್ಬನೇ ಯಜಮಾನ. ಎರಡು ದಿನ ಮೆರೆದ, ಮೂರನೆಯ ದಿನ ರಿವ್ಯೂ ಕೋರಿಕೆಗಳ ರಾಶಿಯಿಂದ ತಲೆ ಎತ್ತಿ, ತನ್ನನ್ನು ಇಳಿಸಿಬಿಡಿ ಎಂದು ಬೇಡಿಕೊಂಡ.

ಟೆಸ್ಟ್ ಪಾಸಾಗದೆ ಮೇನ್‌ಗೆ ಮರ್ಜ್ ಇಲ್ಲ ಎಂಬ ನಿಯಮಕ್ಕೆ ಎದುರಾಡುವವರು ಕಡಿಮೆ. ಆದರೆ ಅದರೊಳಗೊಂದು ತಮಾಷೆಯಿದೆ. ಬರೀ ವಿವರಣೆಯ ಕಡತ ತಿದ್ದಿದಾಗ ಟೆಸ್ಟ್ ಓಡಿಸುವುದು ದಂಡವೆಂದು ಯಾರೋ ಜಾಣರು ಅಂಥ ಬದಲಾವಣೆಗೆ ಟೆಸ್ಟ್‌ಗಳನ್ನು ಹೊರಡಿಸದಂತೆ ಮಾಡುತ್ತಾರೆ. ಟೆಸ್ಟ್ ಹೊರಡುವುದಿಲ್ಲ, ಆದ್ದರಿಂದ ಫಲಿತಾಂಶ ಬರುವುದಿಲ್ಲ. ನಿಯಮ ಮಾತ್ರ ಫಲಿತಾಂಶ ಬರಲಿ ಎಂದು ಹಳದಿ ಚುಕ್ಕೆ ಹೊತ್ತಿಸಿಕೊಂಡು ಕಾಯುತ್ತದೆ, ಕಾಯುತ್ತಲೇ ಇರುತ್ತದೆ. ಅದೇ ಟೆಸ್ಟ್ ಹೊರಟು, ಒಳಗಿನ ಷರತ್ತು ನೋಡಿ ‘ನನಗಿಲ್ಲಿ ಕೆಲಸವಿಲ್ಲ’ ಎಂದು ಬಿಟ್ಟುಹೋದರೆ ಪಾಸ್ ಎಂದೇ ಲೆಕ್ಕ! ಆ ಕಾಯುವಿಕೆಗೆ ಕಂಡುಕೊಂಡ ಮದ್ದು ಇನ್ನೂ ಚೆನ್ನ. ಏನೂ ಮಾಡದೆ ‘ಪಾಸ್’ ಎಂದಷ್ಟೇ ಹೇಳುವ, ಅದೇ ಹೆಸರಿನ ಇನ್ನೊಂದು ಟೆಸ್ಟ್ ಇಡುವುದು.

ಬದಲಾವಣೆಯನ್ನು ದಾಖಲಿಸುವ ಪ್ರತಿ ಕಮಿಟ್‌ಗೂ ಡಿಜಿಟಲ್ ಸಹಿ ಬೇಕೆಂಬ ನಿಯಮಕ್ಕೆ ಕಾರಣ ಹೇಳಲೇಬೇಕು. ಕಮಿಟ್ ಮಾಡುವಾಗ ಹೆಸರಿನ ಜಾಗದಲ್ಲಿ ಯಾರ ಹೆಸರು ಬರೆದರೂ ಗಿಟ್ ತಕರಾರು ಮಾಡುವುದಿಲ್ಲ. 2021ರ ಮಾರ್ಚ್ 28ರಂದು ಪಿಎಚ್‌ಪಿ ಭಾಷೆಯ ಮೂಲ ರಿಪಾಸಿಟರಿಗೆ ಎರಡು ಕಮಿಟ್‌ಗಳು ಬಂದವು. ಒಂದು ಆ ಭಾಷೆಯನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ ಹೆಸರಿನಲ್ಲಿ, ಇನ್ನೊಂದು ಅದರ ಡೆವಲಪರ್ ನಿಕಿತಾ ಪೊಪೋವ್ ಹೆಸರಿನಲ್ಲಿ. ಇಬ್ಬರೂ ಬರೆದದ್ದಲ್ಲ. ಕಾಗುಣಿತ ತಿದ್ದಿದೆ ಎಂಬ ನೆಪ, ಒಳಗೆ ಸರ್ವರ್‌ಗೆ ಹಿಂಬಾಗಿಲು. ಬೇಗನೆ ಕಣ್ಣಿಗೆ ಬಿದ್ದದ್ದರಿಂದ ತೆಗೆದುಹಾಕಿದರು, ಸ್ವಂತ ಸರ್ವರ್ ಬಿಟ್ಟು ಗಿಟ್‌ಹಬ್‌ಗೆ ಗುಳೆ ಹೊರಟರು. ಅಂದಿನಿಂದ ಕಾಗುಣಿತ ತಿದ್ದುವವರನ್ನು ನಾನು ಎರಡು ಸಲ ನೋಡುತ್ತೇನೆ. ಕನ್ನಡದ ಮಟ್ಟಿಗಾದರೆ ಇಷ್ಟೊತ್ತಿಗೆ ಅರ್ಧ ರಾಜ್ಯವನ್ನು ಅನುಮಾನಿಸಬೇಕಾಗುತ್ತಿತ್ತು.

ಇಷ್ಟೆಲ್ಲ ನಿಯಮ ಬರೆಯುವುದು ಒಂದು ಬೆಳಗಿನ ಕೆಲಸ. ಮಿಕ್ಕ ವರ್ಷವೆಲ್ಲ ಹೋಗುವುದು ಯಾರಿಗೆ ವಿನಾಯಿತಿ ಎಂಬುದರಲ್ಲಿ. ಗಿಟ್‌ಹಬ್‌ನ ಈ ನಿಯಮಗಳು ತಾವಾಗಿ ಅಡ್ಮಿನ್‌ಗಳಿಗೆ ಅನ್ವಯಿಸುವುದಿಲ್ಲ. ಅನ್ವಯಿಸಬೇಕೆಂದರೆ ಬೇರೆ ಟಿಕ್ಕು ಹಾಕಬೇಕು. ನಾನು ಹಾಕಿದ್ದೇನೆ, ಧರ್ಮಬುದ್ಧಿಯಿಂದಲ್ಲ. “ನನಗೂ ಆಗಲ್ಲ ಕಣಪ್ಪ” ಎಂದು ಹೇಳಿ ಕೈತೊಳೆದುಕೊಳ್ಳುವ ಸುಖಕ್ಕೆ. ಟಿಕ್ಕು ತೆಗೆದು, ಮರ್ಜ್ ಮಾಡಿ, ಮತ್ತೆ ಟಿಕ್ಕು ಹಾಕಬಹುದೆಂದು ಜಾಣ ಹುಡುಗರಿಗೆ ಗೊತ್ತಿದೆ. ಗೊತ್ತಿಲ್ಲದವರ ಹಾಗೆ ಇರುತ್ತಾರೆ, ಒಳ್ಳೆಯ ಮಕ್ಕಳು.

2023ರಲ್ಲಿ ರೂಲ್‌ಸೆಟ್ ಎಂಬ ಹೊಸ ವ್ಯವಸ್ಥೆ ಬಂದ ಮೇಲೆ ವಿನಾಯಿತಿ ಉಳ್ಳವರ ಪಟ್ಟಿಯನ್ನೇ ಬರೆದಿಡಬಹುದಾಯಿತು. ಅದರ ಹೆಸರು ಬೈಪಾಸ್ ಲಿಸ್ಟ್. ನಮ್ಮದರಲ್ಲಿ ಸದ್ಯಕ್ಕಿರುವುದು ಒಂದೇ ಹೆಸರು, ರಾತ್ರಿ ಆವೃತ್ತಿಯ ಸಂಖ್ಯೆ ಏರಿಸುವ ಬಾಟ್‌ನದು. ಹೊಸ ಮ್ಯಾನೇಜರ್ ಸಾಹೇಬರ ಕಣ್ಣಿಗೆ ಇದು ಬಿತ್ತು.

“ಏನ್ರೀ ಇದು? ಮೆಷಿನ್‌ಗೆ ಕೊಟ್ಟಿದ್ದೀರಿ, ನನಗಿಲ್ವಾ?”

“ಸಾರ್, ಅದು ಯಾವತ್ತೂ ಅರ್ಜೆಂಟ್ ಅನ್ನಲ್ಲ.”

ಅವರು ನಕ್ಕರೋ ಮುನಿದರೋ ತಿಳಿಯಲಿಲ್ಲ. ಸಂಜೆಗೆ ಅವರದೂ ಒಂದು ಪುಲ್ ರಿಕ್ವೆಸ್ಟ್ ಬಂತು. ಎಲ್ಲರಂತೆ ಸರದಿಯಲ್ಲಿ ಹೋಗಿ ಮೊನ್ನೆ ಮೊನ್ನೆ ಸೇರಿದ ಟ್ರೈನಿ ಹುಡುಗಿಯ ಪಾಲಿಗೆ ಬಿತ್ತು. ಅವಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ‘ಇದಕ್ಕೆ ಟೆಸ್ಟ್ ಎಲ್ಲಿ?’ ಎಂದು ಬರೆದು ವಾಪಸ್ಸು ಕಳಿಸಿದ್ದಾಳೆ. ಟೆಸ್ಟ್ ಬರೆಯುವುದು ಹೇಗೆಂದು ಸಾಹೇಬರು ಈಗ ನನ್ನ ಪಕ್ಕದ ಮೇಜಿನವನನ್ನು ಮೆತ್ತಗೆ ವಿಚಾರಿಸುತ್ತಿದ್ದಾರೆ.