ಕುದುರೆಯ ಬಾಯಿಗೆ ಬಿದ್ದ ಪಂಡಿತ

ಪಕ್ಕದವರ ಕೆಮ್ಮಿಗೆ ಕಷಾಯ ಹೇಳದೆ ಸುಮ್ಮನಿದ್ದವರು ನಮ್ಮಲ್ಲಿ ಯಾರಿದ್ದಾರೆ, ಹೇಳಿ? ನನ್ನ ಚಪಲ ನಿಮ್ಮದಕ್ಕಿಂತ ಒಂದು ಕೈ ಮೇಲೆ. ನಾನು ಕುದುರೆಗೂ ಹೇಳಹೋದವನು. ಟಿಪ್ಪುವಿನ ದಂಡಿಗೆ ಕುದುರೆ ಸಾಕಿಕೊಟ್ಟ ಕುಣಿಗಲ್ ನಮ್ಮ ಜಿಲ್ಲೆಯದು. ಹಾಗಾಗಿ ಅಶ್ವವಿದ್ಯೆ ಇಲ್ಲಿನ ಕುಡಿಯುವ ನೀರಿನಲ್ಲೇ ಬೆರೆತು ಬರುತ್ತದೆಂದು ನಂಬಿದ್ದೆ. ಸಾಲದ್ದಕ್ಕೆ, ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವ ಬಗೆಯನ್ನು ಎಲ್ಲೋ ಓದಿಯೂ ಇದ್ದೆ.

ದೇವರಾಯನದುರ್ಗದ ತಪ್ಪಲಿನಲ್ಲಿ ಒಬ್ಬರ ಮನೆ ಮುಂದೆ ಮದುವೆ ಮೆರವಣಿಗೆಯ ಬಿಳಿ ಕುದುರೆ ಕಟ್ಟಿತ್ತು. "ಹುಲ್ಲು ಅಗಿದು ಉಂಡೆ ಮಾಡಿ ಉಗಿದುಬಿಡುತ್ತೆ ಸಾರ್. ಡಾಕ್ಟ್ರು ಸಂಜೆಗೆ ಬರ್ತಾರೆ" ಎಂದರು ಯಜಮಾನರು. ನಾನಿರುವಾಗ ಸಂಜೆಯವರೆಗೆ ಕಾಯುವುದೇ? ತೋಳು ಮಡಚಿ, ಬೆಟ್ಟದ ಮೇಲಿನ ಯೋಗನರಸಿಂಹನನ್ನು ನೆನೆದು, ಕುದುರೆಯ ನೇರ ಎದುರಿಗೆ ನಿಂತೆ.

ಬಾಯಿ ನೋಡುವವರು ಪಕ್ಕಕ್ಕೆ ನಿಲ್ಲಬೇಕು. ಏಕೆಂಬುದನ್ನು ಕುದುರೆಯೇ ತಲೆ ಎತ್ತಿ ನನ್ನ ಗಲ್ಲಕ್ಕೆ ಕುಟ್ಟಿ ಹೇಳಿಕೊಟ್ಟಿತು. ಹಾರಿಬಿದ್ದ ಕನ್ನಡಕವನ್ನು ಕೋತಿಯೊಂದು ಎತ್ತಿಕೊಂಡು ಮರವೇರಿತು. ಅಲ್ಲಿಂದ ನನ್ನ ವೈದ್ಯವನ್ನು ಅದು ನನಗಿಂತ ಸ್ಪಷ್ಟವಾಗಿ ನೋಡಿತು.

ಕನ್ನಡಕ ಹೋದರೇನು, ಬೆರಳಿಲ್ಲವೇ? ತುಟಿಯ ಸಂದಿಗೆ ತೂರಿಸಿದೆ. ಮುಂದೆ ಆರು ಹಲ್ಲು, ಆಮೇಲೆ ಬರೀ ವಸಡು! "ಅಣ್ಣಾ, ನಡುವಿನ ಹಲ್ಲೆಲ್ಲ ಉದುರಿಹೋಗಿವೆ!" ಎಂದು ಕೂಗಿಬಿಟ್ಟೆ.

"ಅದು ಕಡಿವಾಣ ಕೂರೋ ಜಾಗ ಸಾರ್. ದೇವ್ರೇ ಖಾಲಿ ಬಿಟ್ಟಿರೋದು" ಎಂದರು, ನಗದೆ. ನಕ್ಕಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮಾನ ಉಳಿಸಿಕೊಳ್ಳಲು ವಯಸ್ಸಿಗೆ ಕೈಹಾಕಿದೆ. ಮೇಲ್ದವಡೆಯ ಮೂಲೆಯ ಮುಂಬಲ್ಲಿನಲ್ಲಿ 10 ವರ್ಷದ ಸುಮಾರಿಗೆ ಒಂದು ಕಂದುಗೆರೆ ಮೂಡಿ, 20ರ ಹೊತ್ತಿಗೆ ಹಲ್ಲಿನುದ್ದಕ್ಕೂ ಇಳಿಯುತ್ತದೆ. ಕಣ್ಣು ಕಿರಿದು ಮಾಡಿ ನೋಡಿದೆ. ಉದ್ದಕ್ಕೂ ಇತ್ತು! "ಇಪ್ಪತ್ತು ತುಂಬಿದೆ" ಎಂದೆ. ಯಜಮಾನರು ಉಗುರಿನಿಂದ ಆ ಗೆರೆಯನ್ನು ಕಿತ್ತು ತೆಗೆದರು. ಹುಲ್ಲುಕಡ್ಡಿ. ಅವರ ಕೊನೆಯ ಮಗಳು ಹುಟ್ಟಿದ ವರ್ಷವೇ ಹುಟ್ಟಿದ ಕುದುರೆಯಂತೆ. ಹುಡುಗಿ ಈಗ ಎರಡನೇ ಕ್ಲಾಸು.

ಉಳಿದದ್ದು ಮೂಗು. ದವಡೆಹಲ್ಲಿನ ಬೇರು ಕೀತರೆ ಬಾಯಿ ನಾರುತ್ತದೆ. ಮೂತಿಗೆ ಮೂತಿ ಹಚ್ಚಿ ಮೂಸಿದೆ. ನಾತ ಗಪ್ಪೆಂದು ಬಡಿಯಿತು. "ಕೀವಾಗಿದೆ!" ಎಂದು ತೀರ್ಪು ಕೊಟ್ಟೆ. ಕುದುರೆಯೋ, ನನ್ನ ಉಸಿರು ತಾಗಿದ್ದೇ ತಡ, ಮೇಲ್ದುಟಿ ಸುರುಳಿ ಸುತ್ತಿ ಆಕಾಶ ನೋಡತೊಡಗಿತು. ಯಜಮಾನರೂ ಮೂಸಿದರು, ಮೊದಲು ಕುದುರೆಯ ಕಡೆ, ಆಮೇಲೆ ಬಲು ಸಂಕೋಚದಿಂದ ನನ್ನ ಕಡೆ. "ಇದು ಬರೀ ಗರಿಕೆ ವಾಸನೆ ಸಾರ್. ತಮ್ಮದು... ಒಂದ್ಸಲ ತೋರಿಸಿಬಿಡಿ."

ಸಂಜೆ ಬಂದ ಪಶುವೈದ್ಯರು ಮಂಪರಿನ ಸೂಜಿ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ತೊಡಿಸಿ, ಟಾರ್ಚ್ ಬಿಟ್ಟು ಹಿಂದಿನ ಹಲ್ಲುಗಳನ್ನು ತಡವಿದರು. ಕುದುರೆಯ ಹಲ್ಲು ವರ್ಷಕ್ಕೆ 2–3 ಮಿಲಿಮೀಟರ್ ಮೇಲೇಳುತ್ತಲೇ ಇರುತ್ತದೆ. ಕೆಳದವಡೆ ಮೇಲಿನದಕ್ಕಿಂತ ಕಿರಿದಾದ್ದರಿಂದ ಅಂಚು ಸಮನಾಗಿ ಸವೆಯದೆ ಚೂಪಾಗಿ ಕೆನ್ನೆ, ನಾಲಗೆ ಕೊರೆಯುತ್ತದೆ. ಇದಕ್ಕೂ ಅದೇ ಕಾಯಿಲೆ. ಉದ್ದನೆಯ ಅರ ಹಾಕಿ ಉಜ್ಜಿದರು. ಕುದುರೆ ಕಮಕ್ ಕಿಮಕ್ ಎನ್ನಲಿಲ್ಲ.

ಮರುದಿನ ತುಮಕೂರಿನ ದಂತವೈದ್ಯೆಯ ಕುರ್ಚಿಯಲ್ಲಿ ನಾನು, ಸೂಜಿ ಕಾಣುವ ಮೊದಲೇ, ಕ್ಯಾತ್ಸಂದ್ರದವರೆಗೆ ಕೇಳುವಂತೆ ಕೆನೆದೆ. ಗಮನ ಬೇರೆಡೆ ತಿರುಗಲೆಂದು ಆಕೆ ವಯಸ್ಸು ಕೇಳಿದರು. ನಾಲ್ಕೈದು ವರ್ಷ ಇಳಿಸಿ ಹೇಳಿದೆ. ಬರೆದುಕೊಂಡರು. ಆಮೇಲೆ ಬಾಯಿ ತೆರೆಸಿ, ಟಾರ್ಚ್ ಬಿಟ್ಟು ನೋಡಿ, ಮಾತಾಡದೆ ಅಂಕಿ ತಿದ್ದಿದರು.