ಕೆಂಪು ಗೆರೆಯ ಪಂಡಿತ

ನಿವೃತ್ತನಾದ ಗಂಡಸು ಯಾವುದಾದರೊಂದು ಖಾತೆ ವಹಿಸಿಕೊಳ್ಳದಿದ್ದರೆ ಮನೆಯವರು ಅವನ ಕೈಗೆ ಕೊತ್ತಂಬರಿ ಸೊಪ್ಪು ಕೊಟ್ಟು ಬಿಡಿಸಲು ಕೂರಿಸುತ್ತಾರೆ. ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ 'ಎ' ವಿಂಗಿನವರೊಬ್ಬರು ನೀರಿನ ಟ್ಯಾಂಕಿನ ಖಾತೆ ಹಿಡಿದಿದ್ದಾರೆ. 'ಬಿ' ವಿಂಗಿನವರೊಬ್ಬರದು ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬ ಖಾತೆ. ಒಳ್ಳೆಯವೆಲ್ಲ ಹಂಚಿಹೋಗಿದ್ದರಿಂದ ನನ್ನ ಪಾಲಿಗೆ ಉಳಿದದ್ದು ಭಾಷಾ ಖಾತೆ.

ಅರ್ಹತೆ ಇಲ್ಲದೆ ಹಿಡಿದೆನೆಂದು ತಿಳಿಯಬೇಡಿ. ಮೂವತ್ತೈದು ವರ್ಷ ಡೊಂಬಿವಲಿಯಿಂದ ಫೋರ್ಟಿನ ಬ್ಯಾಂಕಿಗೆ ಹೋಗಿಬಂದವನು ನಾನು. ಲೋಕಲ್ಲಿನಲ್ಲಿ ಒಂದು ಕಾಲು ನನ್ನದು, ಇನ್ನೊಂದು ಕಾಲು ಯಾರದೋ ಎಂಬ ಸ್ಥಿತಿಯಲ್ಲಿ ನಿಂತು, ಕನ್ನಡ ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ ಓದಿದ್ದೇನೆ. ಮಡಿಕೆಯೊಳಗೆ ಸಿಕ್ಕಿದ ಅರ್ಧರ್ಧ ಸಾಲುಗಳಿಂದಲೇ ನಾನು ಪಂಡಿತನಾದದ್ದು. ನನ್ನ ಪಾಂಡಿತ್ಯ ಈಗಲೂ ಅರ್ಧ ಸಾಲಿಗೇ ನಿಲ್ಲುವುದಕ್ಕೆ ಅದೇ ಕಾರಣವಿರಬೇಕು.

ಮಹಾಪೆಯ ಐಟಿ ಕಂಪನಿಯಲ್ಲಿರುವ ಮಗ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ನನಗೆ ದಾಟಿಸಿದ. ಒಂದು ಕಾಲದಲ್ಲಿ ಅಪ್ಪನ ಹಳೆಯ ಅಂಗಿ ಮಗನಿಗೆ ಬರುತ್ತಿತ್ತು. ಈಗ ಗಂಗೆ ಮೇಲ್ಮುಖವಾಗಿ ಹರಿಯುತ್ತಾಳೆ. "ಅಪ್ಪಾ, ಇದರೊಳಗ ಡಿಕ್ಷನರಿ ಅದ. ತಪ್ಪು ಬರೆದರ ಕೆಳಗ ಕೆಂಪು ಗೆರೆ ಎಳೀತದ. ಎಫ್ ಸೆವೆನ್ ಒತ್ತಿದರ ಸ್ಪೆಲಿಂಗ್ ತಿದ್ದತದ. ಶಿಫ್ಟ್ ಹಿಡಿದು ಎಫ್ ಸೆವೆನ್ ಒತ್ತಿದರ ಅದೇ ಅರ್ಥದ ಬೇರೆ ಶಬ್ದ ಕೊಡತದ" ಎಂದು ಹೇಳಿ ಆಫೀಸಿಗೆ ಓಡಿದ. ಮಗುವಿನ ಕೈಗೆ ಬೆಂಕಿಪೆಟ್ಟಿಗೆ ಕೊಟ್ಟು, ಕಡ್ಡಿ ಗೀರುವುದು ಹೇಗೆಂದು ತೋರಿಸಿ ಹೋದಂತಾಯಿತು.

ಅದುವರೆಗೆ ನಮ್ಮ ಮನೆಯ ಸುಪ್ರೀಂ ಕೋರ್ಟು ಎಂದರೆ ಕಿಟ್ಟೆಲ್ ನಿಘಂಟು. ಮಾವನವರು ಮದುವೆಯಲ್ಲಿ ಉಡುಗೊರೆ ಕೊಟ್ಟದ್ದು. ಸುಮಾರು 70 ಸಾವಿರ ಪದಗಳ ಆ ಮಹಾಗ್ರಂಥ ಮೊದಲು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಉಡುಪಿ ಕಡೆಯ ನನ್ನಾಕೆಗೆ ಅಷ್ಟು ಸಾಕು: "ಕನ್ನಡದ ಡಿಕ್ಷನರಿ ಆದದ್ದು ನಮ್ಮ ಊರಲ್ಲಿ." ಧಾರವಾಡದ ನಾನು ಬಿಡುತ್ತೇನೆಯೇ? "ಅಚ್ಚಾಗೂದು ಎಲ್ಲಿ ಬೇಕಾದರೂ ಆಗತದ. ಕಿಟ್ಟೆಲ್ ಸಾಹೇಬ ನಮ್ಮ ಧಾರವಾಡದಾಗ ಇದ್ದವ. ಅವನ ಹೆಸರಿನ ಕಾಲೇಜು ಅದ ಅಲ್ಲಿ!" ನಮ್ಮ ಈ ಗಡಿ ವಿವಾದಕ್ಕೆ ಸಿಕ್ಕಿಬೀಳದೆ ಆ ಜರ್ಮನ್ ಪಾದ್ರಿ 1903ರಲ್ಲೇ ತೀರಿಕೊಂಡು ಬಚಾವಾದ. ಗ್ರಂಥದಿಂದ ನಿಜವಾದ ಉಪಯೋಗ ಪಡೆದವನು ಮಗನೊಬ್ಬನೇ. ಚಿಕ್ಕವನಿದ್ದಾಗ ಅದರ ಮೇಲೆ ಹತ್ತಿ ನಿಂತರೆ ಬೆಲ್ಲದ ಡಬ್ಬಿ ಕೈಗೆ ಸಿಗುತ್ತಿತ್ತು.

ಲ್ಯಾಪ್‌ಟಾಪ್ ತೆರೆದು ಮೊದಲು ನನ್ನ ವಿಳಾಸವನ್ನೇ ಇಂಗ್ಲಿಷಿನಲ್ಲಿ ಬರೆದೆ. ಡೊಂಬಿವಲಿಯ ಕೆಳಗೆ ಅಂಕುಡೊಂಕಾದ ಕೆಂಪು ಗೆರೆ. ಅಕ್ಷರ ಒಂದೊಂದಾಗಿ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಅಂದರೆ ಊರೇ ತಪ್ಪು! 2017ರಲ್ಲಿ ತೊಂಬತ್ತನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆಸಿದ ಊರು, ಬೆಳಗಿನ ಲೋಕಲ್ಲಿಗೆ ಅರ್ಧ ಮುಂಬಯಿಯನ್ನು ತುಂಬಿಸಿ ಕಳಿಸುವ ಊರು, ಈ ಯಂತ್ರಕ್ಕೆ ಗೊತ್ತಿಲ್ಲ. ಇರಲಿ ಎಂದು ಥಾಣೆ ಎಂದು ಬರೆದೆ. ಗೆರೆ ಬರಲಿಲ್ಲ.

ಹೊಟ್ಟೆಯಲ್ಲಿ ಉರಿ ಬಿತ್ತು. ಏಕೆಂದರೆ ಥಾಣೆಯಲ್ಲಿ ನನ್ನ ಷಡ್ಡಕ ಇದ್ದಾನೆ. ತಲಾವ್‌ಪಾಳಿಯ ಕೆರೆ ಕಾಣುವ ಮನೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ಬಂದದ್ದು ತನ್ನ ಊರಿಗೆ ಎಂಬುದನ್ನು, ಅವತ್ತು ತಾನೇ ಹಸಿರು ಬಾವುಟ ತೋರಿಸಿದವನಂತೆ ಹೇಳುತ್ತಾನೆ. ಈಗ ಡಿಕ್ಷನರಿಯೂ ಅವನ ಪಕ್ಷವೇ? ಶಬ್ದದ ಮೇಲೆ ಬಾಣವಿಟ್ಟು ಅರ್ಥ ಕೇಳಿದೆ. ಗುಟ್ಟು ಬಯಲಾಯಿತು. ಯಂತ್ರಕ್ಕೆ ಗೊತ್ತಿದ್ದದ್ದು ನಮ್ಮ ಥಾಣೆಯಲ್ಲ, ಅದೇ ಸ್ಪೆಲಿಂಗಿನ 'ಥೇನ್' ಎಂಬ ಹಳೆಯ ಇಂಗ್ಲಿಷ್ ಶಬ್ದ. ರಾಜನಿಗೆ ಸೇವೆ ಸಲ್ಲಿಸಿ ಭೂಮಿ ಪಡೆದ ಮನುಷ್ಯ ಎಂದರ್ಥ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಇದ್ದನಲ್ಲ, ಅವನು ಥೇನ್. ನಮ್ಮ ಮಾತಿನಲ್ಲಿ ಸಾಮಂತ.

ತಕ್ಷಣ ಫೋನ್ ಹಚ್ಚಿದೆ. "ನೋಡಪಾ, ನಿಮ್ಮೂರು ಅಂದರ ಸಾಮಂತ ಅಂತ ಡಿಕ್ಷನರಿನೇ ಹೇಳತದ. ಇತಿಹಾಸನೂ ಅದನ್ನೇ ಹೇಳತದ. ಸ್ಥಾನಕದಿಂದ ಆಳಿದ ಶಿಲಾಹಾರರು ಮೊದಲು ಯಾರ ಕೈಕೆಳಗ ಇದ್ದರು? ನಮ್ಮ ರಾಷ್ಟ್ರಕೂಟರ ಕೈಕೆಳಗ. ಕಾನ್ಹೇರಿ ಗುಹೆಗೆ ಹೋಗಿ ಶಾಸನ ನೋಡು, ಅಮೋಘವರ್ಷ ನೃಪತುಂಗನ ಹೆಸರು ಕಲ್ಲಿನ ಮ್ಯಾಲೆ ಅದ!"

ಆ ಕಡೆ ಒಂದು ಗಳಿಗೆ ಮೌನ. ಗೆದ್ದೆನೆಂದುಕೊಂಡೆ. ಆಮೇಲೆ ಷಡ್ಡಕ ಶಾಂತವಾಗಿ ಹೇಳಿದ: "ಭಾವ, ಅದನ್ನು ಮಳಖೇಡದವರು ಹೇಳಲಿ, ಕೇಳುತ್ತೇನೆ. ಡೊಂಬಿವಲಿಯವರು ಯಾಕೆ ಮಾತಾಡಬೇಕು?"

ಆ ಮೇಲೆ ಮಳೆಗಾಲ ಬಂತು. ನಮ್ಮ ಬಚ್ಚಲಿನ ತಾರಸಿಯಿಂದ ನೀರು ತೊಟ್ಟಿಕ್ಕತೊಡಗಿತು. ಮೇಲಿನ ಮನೆಯ ಬಚ್ಚಲು ಹದಿನೈದು ದಿನದಿಂದ ಸೋರುತ್ತಿದೆ, ವಿಷಯ ಏನೆಂದು ದಯವಿಟ್ಟು ನೋಡಿ, ಎಂದು ಸೊಸೈಟಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು. ಆದರೆ ಬಡ ಶಬ್ದಗಳಲ್ಲಿ ಬರೆದ ಅರ್ಜಿಗೆ ಯಾರು ಬೆಲೆ ಕೊಡುತ್ತಾರೆ? 'ಲೀಕ್' ಎಂಬುದರ ಮೇಲೆ ಶಿಫ್ಟ್ ಎಫ್ ಸೆವೆನ್ ಒತ್ತಿದೆ. ಸೀಪ್, ಊಜ್, ಡ್ರಿಪ್ ಎಂದು ಒಂದು ಸಾಲು ಬಂತು. ಎಲ್ಲವೂ ಒದ್ದೆ ಒದ್ದೆ. ಅವುಗಳ ಕೆಳಗೆ 'ಡೈವಲ್ಜ್' ಎಂಬುದೊಂದು ಇಸ್ತ್ರಿ ಮಾಡಿದ ಅಂಗಿಯಂತೆ ಗರಿಗರಿಯಾಗಿ ನಿಂತಿತ್ತು. ಅದನ್ನೇ ಹಾಕಿದೆ. 'ಲುಕ್ ಇನ್‌ಟು' ತೆಗೆದು 'ಇನ್ವೆಸ್ಟಿಗೇಟ್' ಹಾಕಿದೆ. 'ಮ್ಯಾಟರ್' ಎಂಬ ಸಪ್ಪೆ ಶಬ್ದಕ್ಕೆ ಯಂತ್ರ ಕೊಟ್ಟ ಬದಲಿ 'ಅಫೇರ್'.

ಸೊಸೈಟಿಯ ಮೀಟಿಂಗಿನಲ್ಲಿ ಸೆಕ್ರೆಟರಿ ಅದನ್ನು ಗಟ್ಟಿಯಾಗಿ ಓದಿದರು. ಇಂಗ್ಲಿಷ್ ತಿಳಿಯದವರಿಗಾಗಿ ಮರಾಠಿಯಲ್ಲೂ ಹೇಳಿದರು. ಅದರ ಕನ್ನಡ ಹೀಗೆ: "ಮೇಲಿನ ಮನೆಯ ಬಚ್ಚಲು ಹದಿನೈದು ದಿನದಿಂದ ಇವರಿಗೆ ಗುಟ್ಟು ಹೇಳುತ್ತಿದೆಯಂತೆ. ಲಫಡಾ ಏನೆಂದು ತನಿಖೆ ಆಗಬೇಕಂತೆ." ಸಭೆಯಲ್ಲಿ ಮಳೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮೇಲಿನ ಮನೆಯಾಕೆ ಗಂಡನ ಮುಖ ನೋಡಿದರು, ಗಂಡ ನನ್ನ ಮುಖ ನೋಡಿದರು. 'ಬಿ' ವಿಂಗಿನ ಖಾತೆದಾರರು ಮಾತ್ರ ಜೇಬಿನಿಂದ ಪೆನ್ನು ತೆಗೆದರು. ಮೂರು ದಿನದ ಮೇಲೆ ಪ್ಲಂಬರ್ ಬಂದು ಟೈಲ್ಸ್ ಒಡೆದು ನೋಡಿ, "ಕಾಕಾ, ಪೈಪ್ ತುಮಚಾಚ್ ಆಹೆ" ಎಂದ. ಸೋರುತ್ತಿದ್ದದ್ದು ನಮ್ಮದೇ ಗೀಸರಿನ ಪೈಪು. ಗುಟ್ಟು ಹೇಳಿದ್ದು ನಮ್ಮ ಬಚ್ಚಲೇ, ನಮಗೇ.

ಅಂದು ರಾತ್ರಿ ನನ್ನಾಕೆ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೇ ಬೆರಳಲ್ಲಿ ಏನೋ ಕುಟ್ಟುತ್ತಿದ್ದಳು. "ಇಲ್ಲಿ ಬನ್ನಿ, ಎಂತ ಉಂಟು ನೋಡಿ" ಎಂದು ಕರೆದಳು. 'ಹಸ್ಬಂಡ್' ಎಂದು ಬರೆದು ಅರ್ಥ ಕೇಳಿದ್ದಳು. ನಾಮಪದವಾದರೆ ಗಂಡ. ಅದು ಕ್ರಿಯಾಪದವೂ ಹೌದಂತೆ: ಇದ್ದದ್ದನ್ನು ಪೋಲು ಮಾಡದೆ ಮಿತವಾಗಿ ಬಳಸುವುದು. "ಮೂವತ್ತಮೂರು ವರ್ಷದಿಂದ ನಾನು ಮಾಡಿದ್ದು ಅದೇ ಅಲ್ವಾ ಮಾರಾಯ್ರೆ" ಎಂದು ಯಂತ್ರ ಮುಚ್ಚಿ ಮಲಗಲು ಹೋದಳು.

ಹೊರಗೆ ಸೋತವನಿಗೆ ಮನೆಯಲ್ಲಿ ಸಿಕ್ಕಿದ್ದು ಸೊಸೆ. ಅವಳು ಕಲ್ಯಾಣದ ಮರಾಠಿ ಹುಡುಗಿ. ಯಾರೂ ಹೇಳದೆ ತಾನೇ ಕನ್ನಡ ಕಲಿಯುತ್ತಿದ್ದಳು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ 'ಅಲರ್' ನಿಘಂಟು 2019ರಿಂದ ಅಂತರಜಾಲದಲ್ಲಿ ಬಿಟ್ಟಿ ಸಿಗುತ್ತದೆ. ಅದನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಅವಳು ಕನ್ನಡದಲ್ಲಿ ಮೆಸೇಜು ಬರೆಯುವುದು, ನಾನು ಕನ್ನಡಕ ಏರಿಸಿ ತಪ್ಪು ಹುಡುಕುವುದು. ಕೆಂಪು ಗೆರೆ ಎಳೆಯುವ ಯಂತ್ರ ಕೆಟ್ಟರೆ ಅದರ ಜಾಗದಲ್ಲಿ ನನ್ನನ್ನು ಕೂರಿಸಬಹುದಿತ್ತು. "ಕಾಳಜಿ ನಿಮ್ಮ ಮರಾಠಿ ಶಬ್ದ, ಕನ್ನಡದಾಗ ತರಬ್ಯಾಡ" ಎಂದೆ ಒಮ್ಮೆ. ಅವಳು ಅಲರ್ ತೆರೆದು ಅದರಲ್ಲಿ 'ಕಾಳಜಿ' ಇರುವುದನ್ನು ತೋರಿಸಿ, "ಮತ್ತೆ ನಮ್ಮ ತೂಪ್, ಅಡಕಿತ್ತಾ ಎಲ್ಲಾ ನಿಮ್ಮ ತುಪ್ಪ, ಅಡಕೊತ್ತಿನಿಂದ ಬಂದದ್ದಂತೆ ಅಪ್ಪಾ. ಲೆಕ್ಕ ಸರಿಹೋಯಿತಲ್ಲ?" ಎಂದಳು. ಬ್ಯಾಂಕಿನವನಿಗೇ ಲೆಕ್ಕ ಒಪ್ಪಿಸಿದಳು.

ಒಂದು ದಿನ ಚಹಾ ತಣ್ಣಗಾಗಿತ್ತೆಂದು ನಾನು ಸ್ವಲ್ಪ ಕೂಗಾಡಿದೆ. ಸೊಸೆ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕನ್ನಡದಲ್ಲಿ ವರದಿ ಹಾಕಿದಳು: "ಅಪ್ಪನಿಗೆ ರಾಗ ಬಂದಿದೆ." ಮರಾಠಿಯಲ್ಲಿ ರಾಗವೆಂದರೆ ಸಿಟ್ಟು. ಗುಂಪಿನಲ್ಲಿದ್ದವರಿಗೆ ಅದು ಗೊತ್ತಿರಬೇಕಲ್ಲ? ಉಡುಪಿಯ ಭಾವಮೈದ ಕೇಳಿದ: "ಯಾವ ರಾಗ? ಭಾವ ಯಕ್ಷಗಾನದ ಭಾಗವತಿಕೆ ಶುರು ಮಾಡಿದ್ರಾ?" ಗದಗಿನ ಅಕ್ಕ ಬರೆದಳು: "ಭೀಮಸೇನ ಜೋಶಿಯವರ ಊರಿನ ನೀರು ಕುಡದಾನ, ಬರದ ಏನ ಮಾಡತದ?" ಥಾಣೆಯ ಷಡ್ಡಕನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಅವನು ಬೇಕೆಂದೇ ಬರೆದ: "ಅಭಿನಂದನೆಗಳು. ಕಚೇರಿ ಯಾವಾಗ?"

ನಾನು ಸೊಸೆಯನ್ನು ಕರೆದು ಪಾಠ ಶುರುಮಾಡಿದೆ. ಭಾಷೆ ಎಂದರೆ ಆಟವಲ್ಲ, ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು 107 ವರ್ಷದ ತನಕ ಬದುಕಿದ್ದೇ ಶಬ್ದಶುದ್ಧಿಯಿಂದ, ಎಂದೆಲ್ಲ. ಒಳಗಿನಿಂದ ನನ್ನಾಕೆ, "ಅವರು ಹೆಂಡತಿ, ಸೊಸೆಯ ಮಾತಿಗೆ ಗೆರೆ ಎಳೆಯಲಿಕ್ಕೆ ಹೋಗಿರ್ಲಿಕ್ಕಿಲ್ಲ. ಅದಕ್ಕೇ ಅಷ್ಟು ವರ್ಷ" ಎಂದಳು. ಅಷ್ಟಕ್ಕೆ ಬಿಡಲಿಲ್ಲ. ಸೊಸೆಯ ಪಕ್ಕದಲ್ಲಿ ಬಂದು ಕೂತು, ನಾನು ಡೊಂಬಿವಲಿಗೆ ಹೊಸದಾಗಿ ಬಂದಾಗಿನ ಕತೆ ತೆಗೆದಳು.

ಆಗ ನಾನು ಬಾಡಿಗೆಗಿದ್ದದ್ದು ಅರುವತ್ತು ದಾಟಿದ ಒಬ್ಬ ಮರಾಠಿ ಅಮ್ಮನ ಚಾಳಿನಲ್ಲಿ. ನನಗೆ ಮರಾಠಿಯ ಗಂಧವಿಲ್ಲ. ಗೌರವಕ್ಕಿರಲಿ ಎಂದು ಅವರನ್ನು ಅಚ್ಚಗನ್ನಡದಲ್ಲಿ "ತಾಯೀ" ಎಂದು ಕರೆಯುತ್ತಿದ್ದೆ. ಅವರ ಕಿವಿಗೆ ಬಿದ್ದದ್ದು "ತಾಈ". ಅವರ ಭಾಷೆಯಲ್ಲಿ ಅದು ಅಕ್ಕ. ಓಣಿಯ ಮಂದಿಯೆಲ್ಲ 'ಆಜೀ' ಎಂದು ಅಜ್ಜಿ ಮಾಡಿ ಕೂರಿಸಿದ್ದ ಹೆಂಗಸನ್ನು ಇಪ್ಪತ್ತೈದರ ಹುಡುಗನೊಬ್ಬ ಅಕ್ಕ ಎಂದು ಕರೆಯುತ್ತಾನೆ! ನಾನಲ್ಲಿದ್ದ ನಾಲ್ಕು ವರ್ಷವೂ ಬಾಡಿಗೆ ಏರಲಿಲ್ಲ. ಹಬ್ಬಕ್ಕೆ ಪುರಣಪೋಳಿ ಬೇರೆ. "ಆ ಅಮ್ಮನ ಹತ್ರ ಕೆಂಪು ಪೆನ್ನು ಇದ್ದಿದ್ರೆ ನೀವು ಮುಂದಿನ ತಿಂಗಳೇ ಧಾರವಾಡದ ಗಾಡಿ ಹತ್ತಬೇಕಿತ್ತು" ಎಂದಳು ನನ್ನಾಕೆ. ಸೊಸೆ ನಕ್ಕಳು. ನಗುತ್ತಲೇ "ಆಯೀ, ಇನ್ನೊಮ್ಮೆ ಹೇಳಿ" ಎಂದಳು. ಮರಾಠಿಯ ಆಯಿ ಎಂದರೆ ಅಮ್ಮ. ನಮ್ಮ ಧಾರವಾಡದ ಕಡೆ ಆಯಿ ಎಂದರೆ ಅಜ್ಜಿ. ಈ ಸಂಗತಿಯನ್ನು ನನ್ನಾಕೆಗೆ ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ರಾತ್ರಿಯ ಊಟ ಇನ್ನೂ ಆಗಿರಲಿಲ್ಲ, ನುಂಗಿಕೊಂಡೆ.

ಇಷ್ಟಾದರೂ ನಮ್ಮ ಕನ್ನಡ ಸಂಘದವರು ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯ ಕೆಲಸ ನನಗೇ ಕೊಟ್ಟರು. ಅಲ್ಲಿ ಯಾರಿಗೂ ಬಚ್ಚಲಿನ ಕತೆ ಗೊತ್ತಿರಲಿಲ್ಲ. ಅತಿಥಿಗಳ ವಿಳಾಸಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಹಾಳೆಯೆಲ್ಲ ಕೆಂಪು, ಗಣಪತಿ ವಿಸರ್ಜನೆಯ ಗುಲಾಲು ಎರಚಿದ ಹಾಗೆ. ಒಂದೊಂದನ್ನೇ ತಿದ್ದಲು ಬೇಸರವಾಗಿ 'ಚೇಂಜ್ ಆಲ್' ಎಂಬ ಗುಂಡಿ ಒತ್ತುತ್ತಾ ಹೋದೆ. ಲಕೋಟೆಗಳು ಅಂಚೆಗೆ ಬಿದ್ದ ನಾಲ್ಕನೆಯ ದಿನ ನೆರೂಳಿನಿಂದ ಹಿರಿಯ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಆಮಂತ್ರಣ ಬಂತಪ್ಪಾ. ನವಿ ಮುಂಬಯಿಯನ್ನು ನೇವಿ ಮುಂಬಯಿ ಮಾಡಿದ್ದೀಯ. ನಾನು ಮಕ್ಕಳಿಗೆ ಪಾಠ ಹೇಳಿದವನು, ನೌಕಾಪಡೆಯಲ್ಲಿ ಇದ್ದವನಲ್ಲ. ನೆರೂಳ್ ಇರುವ ಕಡೆ ನ್ಯೂರಲ್ ಎಂದಿದೆ. ನರಗಳ ತೊಂದರೆಯೂ ನನಗಿಲ್ಲ. ನಿನಗೆ?" ಪಿನ್‌ಕೋಡು ಸರಿಯಿದ್ದದ್ದರಿಂದ ಲಕೋಟೆ ತಲುಪಿತ್ತು. ಅಂಚೆಯವನ ಬಳಿ ಡಿಕ್ಷನರಿ ಇರಲಿಲ್ಲ, ಬದುಕಿಕೊಂಡೆ.

ಮಗನಿಗೆ ನನ್ನ ಮೇಲೆ ಕರುಣೆ ಬಂತು. ಗೆರೆ ಬಿದ್ದ ಶಬ್ದದ ಮೇಲೆ ಬಲಗುಂಡಿ ಒತ್ತಿದರೆ 'ಆ್ಯಡ್ ಟು ಡಿಕ್ಷನರಿ' ಎಂಬ ಇನ್ನೊಂದು ದಾರಿ ಇದೆಯೆಂದು ತೋರಿಸಿದ. ಒಮ್ಮೆ ಒತ್ತಿದರಾಯಿತು, ಆ ಶಬ್ದ ನಮ್ಮದೇ ನಿಘಂಟಿಗೆ ಸೇರಿ ಮತ್ತೆಂದೂ ಗೆರೆ ಬೀಳುವುದಿಲ್ಲವಂತೆ. ಇಷ್ಟು ದಿನ ಎಲ್ಲರನ್ನೂ 'ಚೇಂಜ್ ಆಲ್' ಮಾಡಲು ಹೊರಟಿದ್ದ ನನಗೆ ಎಂಥ ಜ್ಞಾನೋದಯ! ಸೇರಿಸಿದ್ದೇ ಸೇರಿಸಿದ್ದು. ನೆರೂಳ್ ಸೇರಿತು, ಮಹಾಪೆ ಸೇರಿತು. ಹೆಂಡತಿಯ ತವರಿನ ಹಳ್ಳಿ, ಸೊಸೆಯ ಮನೆದೇವರು, ಅಡಕಿತ್ತಾ, ಅಡಕೊತ್ತು, ಸಂಘದ ಕಾರ್ಯಕಾರಿ ಸಮಿತಿ ಪೂರ್ತಿ ಸೇರಿತು. ರಾತ್ರಿ ಹನ್ನೊಂದಕ್ಕೆ, ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ, ನಮ್ಮೂರನ್ನೂ ಸೇರಿಸಿದೆ. ಕೊನೆಗೆ ಎಫ್ ಸೆವೆನ್ ಒತ್ತಿದೆ. ಒಂದೇ ಒಂದು ತಪ್ಪು ಸಿಗಲಿಲ್ಲ. ಐನೂರು ಪ್ರತಿ ಅಚ್ಚಾಯಿತು.

ಮೊದಲ ಪ್ರತಿಯನ್ನು ದೇವರ ಮುಂದಿಟ್ಟು ಸೊಸೆಯ ಕೈಗೆ ಕೊಟ್ಟೆ. ಅವಳು ಮುಖಪುಟದ ಇಂಗ್ಲಿಷ್ ಸಾಲನ್ನು ಅಕ್ಷರ ಕೂಡಿಸಿ ಓದಿ, ಅಚ್ಚಗನ್ನಡದಲ್ಲಿ ಕೇಳಿದಳು:

"ಅಪ್ಪಾ, ಈ ಡೊಂಬಿಲ್ವಿ ಎಲ್ಲಿದೆ?"

"ನಿನ್ನ ಮಾವನ ಡಿಕ್ಷನರಿಯಲ್ಲಿ" ಎಂದಳು ನನ್ನಾಕೆ.

ನನಗೆ ರಾಗ ಬಂತು. ಯಾವ ರಾಗವೆಂದು ಈ ಸಲ ಯಾರೂ ಕೇಳಲಿಲ್ಲ.