ಸಹಾಯಾರ್ಥ ಆಟಕ್ಕೆ ಬನ್ನಿ

ಸೋಂದೆಯ ಸುತ್ತಮುತ್ತ ಅಡಿಕೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ್ದು ಶಿರಸಿ ಪೇಟೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಯಕ್ಷಗಾನ ಆಟಗಳ ಭರಾಟೆ ಶುರುವಾಗುತ್ತದೆ. ಅವುಗಳಲ್ಲಿ ಒಂದೆರಡಾದರೂ ಸಹಾಯಾರ್ಥ ಆಟ. ಯಾರದೋ ಕಿಡ್ನಿಯ ಚಿಕಿತ್ಸೆ, ಇನ್ನಾರದೋ ಹೃದಯದ ಆಪರೇಷನ್, ಎಲ್ಲಿಯದೋ ಶಾಲೆಯ ಮಾಡು. ಹುಡುಗರು ಟಿಕೇಟಿನ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ನಮ್ಮ ಬೇಲಿಯಾಚೆಯ ಭಾವ ಅವರನ್ನು ಒಮ್ಮೆಯೂ ಬರಿಗೈಯಲ್ಲಿ ಕಳಿಸಿದವರಲ್ಲ. ಎರಡು ಟಿಕೇಟು ಹರಿಸಿಕೊಂಡು, ಚಾ ಕುಡಿಸಿಯೇ ಕಳಿಸುತ್ತಾರೆ. ಆದರೆ ಆಟಕ್ಕೆ ಮಾತ್ರ ಹೋಗುವುದಿಲ್ಲ.

"ಟಿಕೇಟು ತಗಂಡಾತು, ದುಡ್ಡು ಕೊಟ್ಟಾತು. ಇನ್ನು ರಾತ್ರೆಯಿಡೀ ನಿದ್ದೆಗೆಟ್ಟು ಕೂರದು ಎಂತಕ್ಕೆ ಭಾವಾ?" ಎನ್ನುತ್ತಾ ಬೇಲಿಯ ಮೇಲಿಂದ ಕವಳದ ತಟ್ಟೆ ದಾಟಿಸಿದರು.

ಎಂತಕ್ಕೆ ಎಂದು ಹೇಳಲೇಬೇಕಾಯಿತು. ಭಾವಾ, ವೇಷ ಕಟ್ಟುವ ಚೌಕಿಗೆ ಒಮ್ಮೆ ಹೋಗಿ ನೋಡಿ ಎಂದೆ. ವೇಷಧಾರಿ ಕನ್ನಡಿಯೆದುರು ಕಾಲು ಮಡಚಿ ಕೂತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಹಣೆಯ ನಾಮದ ಗೆರೆ ಒಂದಿಷ್ಟು ಓರೆಯಾದರೂ ಒರೆಸಿ ಮತ್ತೆ ಎಳೆಯುತ್ತಾನೆ. ಆಮೇಲೆ ಎದೆಕಟ್ಟು, ಭುಜಕೀರ್ತಿ, ಕೊನೆಗೆ ಮುಂಡಾಸು. ಬಿಗಿದ ದಾರ ಚರ್ಮಕ್ಕೆ ಕಚ್ಚುವಷ್ಟು ಬಿಗಿ. ಇಷ್ಟೆಲ್ಲ ಮುಗಿಸಿ ರಂಗಕ್ಕೆ ಹೊರಡುವಾಗ ಅವನು ಕೇಳುವುದು ಕಲೆಕ್ಷನ್ ಎಷ್ಟಾಯಿತು ಎಂದಲ್ಲ, ಜನ ಸೇರಿದ್ದಾರಾ ಎಂದು. ಹಣ ರೋಗಿಗೆ ಸಲ್ಲುತ್ತದೆ, ಸರಿ. ಕುಣಿಯುವವನಿಗೆ ಸಲ್ಲಬೇಕಾದದ್ದು ನೋಡುವ ಕಣ್ಣು. ಟಿಕೇಟು ಕೊಂಡು ಮನೆಯಲ್ಲಿ ಮಲಗಿದರೆ ಅದು ಸಲ್ಲುವುದಿಲ್ಲ.

ನೋಡುವ ಕಣ್ಣಿಗಾಗಿ ಕಲಾವಿದನಿಗಿರುವ ಹಸಿವು ಎಂಥದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಗಳಿವೆ. 1933ರಲ್ಲಿ ಹುಟ್ಟಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನದವರಿಗೆ ಬಂದ ಮೊದಲ ಪದ್ಮಶ್ರೀ ಅದು. ಅದನ್ನು ಗೋಡೆಗೆ ತೂಗುಹಾಕಿ ಜಗಲಿಯಲ್ಲಿ ಕೂರಬಹುದಿತ್ತು, ಕೂರಲಿಲ್ಲ. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಕೆರೆಮನೆ ಶಂಭು ಹೆಗಡೆಯವರಂತೂ 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಹಾಕಿ ಕುಣಿದ ರಾತ್ರಿಯೇ ತೀರಿಕೊಂಡರು. ಇಂಥವರನ್ನು ರಂಗಕ್ಕೆ ಎಳೆದದ್ದು ಸಂಭಾವನೆಯೊಂದೇ ಅಲ್ಲ.

ಭಾವ ಸುಮ್ಮನೆ ಬಿಡುವವರಲ್ಲ. "ಅದೇ ನಾನೂ ಹೇಳದು. ಕುಣಿಯ ಹುಚ್ಚು ಇದ್ದೇ ಇದ್ದು. ಮೇಲಿಂದ ಪುಣ್ಯದ ಕೆಲಸ. ಒಂದು ದಿನ ಪುಕ್ಕಟೆ ಕುಣಿದ್ರೆ ಎಂತ ಆಗ್ತು?"

ಈ ಮಾತು ನಮ್ಮಲ್ಲಿ ಬಹಳ ಜನರ ಬಾಯಲ್ಲಿದೆ, ಇದಕ್ಕೆ ನನ್ನ ಪೂರ್ತಿ ವಿರೋಧವಿದೆ. ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಖುಷಿಯಲ್ಲೇ ಇರುತ್ತಾನೆ, ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಖುಷಿಯಿದೆ ಎಂದು ಕೂಲಿ ಕೊಡದೆ ಕಳಿಸುತ್ತೀರಾ ಎಂದು ಕೇಳಿದೆ. ಮಳೆ ಹಿಡಿದ ಮೇಲೆ ಎಷ್ಟೋ ಕಲಾವಿದರಿಗೆ ದುಡಿಮೆಯೇ ಇಲ್ಲ. ಮೊಣಕಾಲು ಸವೆಯುತ್ತದೆ, ಬೆನ್ನು ಹೋಗುತ್ತದೆ, ಭಾಗವತರ ಗಂಟಲು ಕಟ್ಟುತ್ತದೆ. ಇಂದು ಇನ್ನೊಬ್ಬರ ಆಪರೇಷನ್ನಿಗೆ ಕುಣಿದವನ ಹೆಸರಿನಲ್ಲೇ ನಾಳೆ ಸಹಾಯಾರ್ಥ ಆಟ ಇಡಬೇಕಾದರೆ ಅದು ಊರಿಗೆ ಶೋಭೆಯಲ್ಲ. ಅವನಾಗಿಯೇ ಸಂಭಾವನೆ ಬೇಡ ಎಂದರೆ ಅದು ಅವನ ದಾನ, ಕೈಮುಗಿದು ತೆಗೆದುಕೊಳ್ಳೋಣ. ನಾವೇ ಮೊದಲಿಗೆ ಪುಕ್ಕಟೆ ಬಾ ಎಂದರೆ ಅದು ದಾನವಲ್ಲ, ಬಿಟ್ಟಿ ದುಡಿಮೆ.

ಈ ಸತ್ಯವನ್ನು ಸರಿಯಾಗಿ ತಿಳಿದುಕೊಂಡವರು ಉಡುಪಿಯವರು. 1975ರಲ್ಲಿ ಹುಟ್ಟಿದ ಅಲ್ಲಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ವಿಮೆ ಮಾಡಿಸುತ್ತದೆ. ವಿದ್ಯಾಪೋಷಕ್ ಎಂಬ ಯೋಜನೆಯಲ್ಲಿ ಬಡಮಕ್ಕಳನ್ನು ಓದಿಸುತ್ತದೆ, ಸೂರಿಲ್ಲದ ಆ ವಿದ್ಯಾರ್ಥಿಗಳಿಗೆ ಮನೆಯನ್ನೂ ಕಟ್ಟಿಸಿಕೊಡುತ್ತದೆ. ಆಟದ ಅಭಿಮಾನಿಗಳ ಸಂಘಟನೆಯೊಂದು ಇಷ್ಟು ಮಾಡಬಹುದು ಎಂದು ತೋರಿಸಿಕೊಟ್ಟದ್ದೇ ದೊಡ್ಡದು. ಭಾಗವತ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಕಟ್ಟಿದ ಪಟ್ಲ ಫೌಂಡೇಶನ್ ಕೂಡ ಕಷ್ಟದಲ್ಲಿರುವ ಕಲಾವಿದರ ಕೈಹಿಡಿಯುತ್ತಿದೆ.

"ಉಡುಪಿಯಲ್ಲಿ ಒಬ್ಬ ಭೂತದಂಥ ವೇಷ ಹಾಕಿ ದುಡ್ಡು ಎತ್ತಿ ಕೊಡ್ತ್ನಡ, ಹೌದನ?" ಎಂದರು ಭಾವ. ಹೌದು, ರವಿ ಕಟಪಾಡಿ. ಕೂಲಿ ಕೆಲಸ ಮಾಡುವ ಮನುಷ್ಯ. ಅಷ್ಟಮಿ, ವಿಟ್ಲಪಿಂಡಿಯ ಹೊತ್ತಿಗೆ ನೋಡಿದವರು ಬೆಚ್ಚಿಬೀಳುವಂಥ ವೇಷ ಹಾಕಿ ಉಡುಪಿಯ ಬೀದಿಗಳಲ್ಲಿ ತಿರುಗುತ್ತಾರೆ. ಬಂದ ಲಕ್ಷಗಟ್ಟಲೆ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟುಬಿಡುತ್ತಾರೆ. ಅಲ್ಲಿ ಗಮನಿಸಬೇಕಾದ್ದು ಒಂದಿದೆ. ಪ್ರತಿ ವರ್ಷ ವೇಷ ಹೊಸದು. ಒಳ್ಳೆಯ ಕೆಲಸಕ್ಕೆ ತಾನೇ, ಹೋದ ವರ್ಷದ್ದೇ ಸಾಕು ಎಂದು ಅವರು ಬಿಟ್ಟಿಲ್ಲ. ವೇಷ ಬೆರಗು ಹುಟ್ಟಿಸುವಂತಿದೆ, ಆದ್ದರಿಂದ ಜನ ನಿಂತು ನೋಡುತ್ತಾರೆ. ನಿಂತು ನೋಡಿದವರ ಕೈ ಜೇಬಿಗೆ ಹೋಗುತ್ತದೆ. ಸಹಾಯಾರ್ಥ ಎಂಬ ಹೆಸರಿನಲ್ಲಿ ಕಳಪೆ ಆಟ ಆಡಿಸುವ ಸಂಘಟಕರು ಇದನ್ನು ನೋಡಿ ಕಲಿಯಬೇಕು.

ಹಣ ಎತ್ತಿ ಕೊಡುವುದು ಒಂದು ಬಗೆ. ಕಲೆಯನ್ನೇ ಕೊಟ್ಟುಬಿಡುವುದು ಇನ್ನೊಂದು. ಇದಕ್ಕೆ ಉಡುಪಿಯ ತನಕ ಹೋಗಬೇಕಿಲ್ಲ. ನಮ್ಮ ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರಿದ್ದರಲ್ಲ! ಕೆರೆಮನೆ ಶಿವರಾಮ ಹೆಗಡೆಯವರಲ್ಲಿ ಕಲಿತವರು, ನೂರಕ್ಕೂ ಮಿಕ್ಕಿ ಪ್ರಸಂಗ ಬರೆದವರು, ಊರೂರು ತಿರುಗಿ ಮಕ್ಕಳಿಗೆ, ದೊಡ್ಡವರಿಗೆ ಯಕ್ಷಗಾನ ಕಲಿಸಿದವರು. ಅವರು ಕಣ್ಣು ಕಾಣದವರಿಗೂ ಯಕ್ಷಗಾನ ಕಲಿಸಿ ತಂಡ ಕಟ್ಟಿದರು. ಅದರ ಕಷ್ಟ ಒಂದು ಗಳಿಗೆ ಯೋಚಿಸಿ ನೋಡಿ. ಕುಣಿತವನ್ನು ನಾವೆಲ್ಲ ಕಲಿಯುವುದು ಗುರುವಿನ ಕಾಲು ನೋಡಿ. ನೋಡಲಾಗದವನಿಗೆ ಕಾಲನ್ನೇ ಹಿಡಿದು ಹೆಜ್ಜೆ ಇಡಿಸಬೇಕು, ಬಾಯಿತಾಳ ಹೇಳಿ ಹೇಳಿ ಮೈಗೆ ಇಳಿಸಬೇಕು, ರಂಗದ ಅಂಚು ಎಲ್ಲಿದೆ ಎಂದು ಹೆಜ್ಜೆ ಎಣಿಸಿ ತಿಳಿಸಬೇಕು. ಭಾಗವತರು 2020ರ ಜನವರಿಯಲ್ಲಿ ತೀರಿಕೊಂಡರು. ಕಾಣದವನನ್ನು ಎಲ್ಲರೂ ಕಾಣುವಂತೆ ದೀಪದ ಮುಂದೆ ನಿಲ್ಲಿಸಿದ ಆ ಕೆಲಸಕ್ಕೆ ಎಷ್ಟು ರೂಪಾಯಿ ಎಂದು ಬೆಲೆ ಕಟ್ಟುವುದು?

ನಮ್ಮ ಸೋಂದೆಗೆ ಈ ಬಗೆಯ ದಾನ ಹಳೆಯದೇ. ಇಲ್ಲಿ ವೃಂದಾವನಸ್ಥರಾದ ವಾದಿರಾಜರು ಸಂಸ್ಕೃತದಲ್ಲಿ ರುಕ್ಮಿಣೀಶವಿಜಯದಂಥ ಮಹಾಕಾವ್ಯ ಬರೆದರು, ಕನ್ನಡದಲ್ಲಿ ಲಕ್ಷ್ಮೀ ಶೋಭಾನೆ ಬರೆದು ಮನೆಮನೆಯ ಹೆಂಗಸರ ಬಾಯಿಗೆ ಕೊಟ್ಟರು. ಇಂದಿಗೂ ಮದುವೆಮನೆಗಳಲ್ಲಿ ಅದನ್ನು ಹಾಡುತ್ತಾರೆ. ಸ್ವರ್ಣವಲ್ಲಿ ಮಠದ ಯಕ್ಷ ಶಾಲ್ಮಲಾ ಸಂಸ್ಥೆಯಿಂದಾಗಿ ಇಲ್ಲಿನ ಮಕ್ಕಳು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದಾರೆ. ಆ ಮಕ್ಕಳಿಗೆ ಕೇಳುವವರು ಬೇಕು. ಖಾಲಿ ಕುರ್ಚಿಗಳೆದುರು ಯಾವ ಹುಡುಗನೂ ಭೀಷ್ಮನಾಗಲಾರ.

"ನೀ ಹೇಳದು ಖರೆ" ಎಂದರು ಭಾವ. "ಆದರೂ ನಿದ್ದೆ ಭಾವಾ..." ಬೆಳಗಿನ ತನಕ ಕೂರಬೇಕಾಗಿಯೂ ಇಲ್ಲ, ಈಗ ಎಷ್ಟೋ ಆಟಗಳು ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತವೆ ಎಂದೆ. ಹಾಗಾದರೆ ನೋಡೋಣ ಎಂದರು.

ಓದುವ ನಿಮ್ಮಲ್ಲೂ ನನ್ನದು ಅದೇ ವಿನಂತಿ. ಈ ಸಲ ಸಹಾಯಾರ್ಥ ಆಟದ ಟಿಕೇಟು ಮನೆಗೆ ಬಂದರೆ ತಗೊಳ್ಳಿ. ಕಲಾವಿದರಿಗೆ ಸಂಭಾವನೆ ಕೊಡುತ್ತೀರಾ ಎಂದು ಸಂಘಟಕರನ್ನು ಸಂಕೋಚವಿಲ್ಲದೆ ಕೇಳಿ. ಆಮೇಲೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಮಂಗಳ ಹಾಡುವ ತನಕ ಕೂತು ಆಟ ನೋಡಿ.